ಮಷೀನು ಹುಬ್ಬಳ್ಳಿಗೆ ಹೋದ ದಿನ

ಹೋದ ದಸರೆ ರಜೆಗೆ ನೀವೆಲ್ಲ ಬಂದಿದ್ದಾಗ ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು ಕೇಳಿದಳು, “ಅಜ್ಜಿ, ನೀ ಟೆಲಿಫೋನ್ ಎಕ್ಸ್‌ಚೇಂಜಿನಾಗ ಏನ್ ಕೆಲಸಾ ಮಾಡ್ತಿದ್ದಿ?” “ಕಸಾ ಹೊಡೀತಿದ್ದೆ” ಎಂದು ಹೇಳಿ ನಾನು ಒಳಗೆ ಹೋದೆ. ಹೇಳಿದ್ದು ಸುಳ್ಳಲ್ಲ. ಆದರೆ ಅಷ್ಟಕ್ಕೇ ಬಿಟ್ಟದ್ದು ಸರಿಯಾಗಲಿಲ್ಲ ಎಂದು ಆಮೇಲೆ ಅನ್ನಿಸಿತು. ಎದುರಿಗೆ ಕೂತು ಉದ್ದ ಮಾತು ಹೇಳುವುದು ನನಗೆ ಮೊದಲಿನಿಂದಲೂ ಆಗದು. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ಆದ್ದರಿಂದ ಬರೆದಿಡುತ್ತೇನೆ, ನೀವು ಬೇಕಾದಾಗ ಓದಿಕೊಳ್ಳಿ.

ನಮ್ಮೂರು ಹಾನಗಲ್ಲಿಗೂ ಅಕ್ಕಿಆಲೂರಿಗೂ ನಡುವೆ, ಕೆರೆಯ ಏರಿಯ ಕೆಳಗೆ ತಗ್ಗಿನಲ್ಲಿದೆ. ಈ ತಗ್ಗಿನ ದೆಸೆಯಿಂದ ಇಲ್ಲಿ ಮೊಬೈಲು ಸರಿಯಾಗಿ ಹಿಡಿಯುವುದಿಲ್ಲ. ಮಾತಾಡಬೇಕೆಂದರೆ ಏರಿ ಹತ್ತಬೇಕು. ನೀವೂ ಬಂದಾಗಲೆಲ್ಲ ಹತ್ತುತ್ತೀರಿ. ಅದಕ್ಕೇ ಬೇರೆ ಊರುಗಳಲ್ಲಿ ಮನೆಯ ಫೋನುಗಳು ಹೋದ ಮೇಲೂ ನಮ್ಮಲ್ಲಿ ನಲವತ್ತರ ಆಸುಪಾಸು ಮನೆಗಳಲ್ಲಿ ತಂತಿಯ ಫೋನುಗಳು ಉಳಿದುಕೊಂಡಿದ್ದವು. ಅಕ್ಕಿ ಗಿರಣಿಯಲ್ಲಿ ಒಂದು, ಸೊಸೈಟಿಯಲ್ಲಿ ಒಂದು, ಆರೋಗ್ಯ ಕೇಂದ್ರದಲ್ಲಿ ಒಂದು. ಹೆರಿಗೆಗೆಂದು ಬಂದವಳಿಗೆ ಏನಾದರೂ ತೊಡಕಾದರೆ ನರ್ಸಮ್ಮ ಆ ಫೋನಿನಿಂದಲೇ ಗಾಡಿ ಕರೆಸುತ್ತಿದ್ದಳು. ಏರಿ ಹತ್ತಿ ಇಳಿಯುವಷ್ಟು ಪುರಸೊತ್ತು ಅಂಥ ಹೊತ್ತಿನಲ್ಲಿ ಯಾರಿಗಿರುತ್ತದೆ?

ನಿಮ್ಮ ಅಜ್ಜ ಆ ಎಕ್ಸ್‌ಚೇಂಜಿನ ಲೈನ್‌ಮನ್ ಆಗಿದ್ದರು. ಕಾಮಾಲೆಯಾಗಿ ತೀರಿಕೊಂಡರು. ಆಗ ನಿಮ್ಮ ಅಪ್ಪ ನಾಲ್ಕನೆಯ ಇಯತ್ತೆಯಲ್ಲಿ ಓದುತ್ತಿದ್ದ. ಇಲಾಖೆಯವರು ಅನುಕಂಪದ ಮೇಲೆ ನನಗೆ ಅಲ್ಲೇ ಕೆಲಸ ಕೊಟ್ಟರು. ನಾನು ಓದಿದ್ದು ಹಂಸಭಾವಿ ಕಡೆಯ ನನ್ನ ತವರಿನಲ್ಲಿ, ಏಳನೆಯವರೆಗೆ. ಕಸ ಹೊಡೆಯುವುದು, ಮಷೀನಿನ ಖೋಲಿಗೆ ಧೂಳು ಬರದಂತೆ ನೋಡುವುದು, ಬ್ಯಾಟರಿಗಳಿಗೆ ನೀರು ಹಾಕುವುದು, ಕರೆಂಟು ಹೋದರೆ ಜನರೇಟರ್ ಶುರು ಮಾಡುವುದು ನನ್ನ ಕೆಲಸ. ಕಪಾಟಿನಂಥ ಬೂದುಬಣ್ಣದ ಮಷೀನು ನನಗಿಂತ ಎತ್ತರವಿತ್ತು. ಅದರೊಳಗೆ ಪುಸ್ತಕ ಜೋಡಿಸಿಟ್ಟಂತೆ ಸಾಲು ಸಾಲು ಕಾರ್ಡುಗಳು. ಒಂದೊಂದು ಕಾರ್ಡಿಗೆ ಒಂದೊಂದೇ ಕೆಲಸ. ಯಾವ ದೀಪ ಹಸಿರಿರಬೇಕು, ಯಾವುದು ಕೆಂಪಾದರೆ ಹಾನಗಲ್ಲಿಗೆ ಸುದ್ದಿ ಮುಟ್ಟಿಸಬೇಕು ಎಂಬುದು ನನಗೆ ಬಾಯಿಪಾಠವಾಗಿತ್ತು.

ಒಮ್ಮೆ ಸಿಡಿಲಿಗೆ ಅದರಲ್ಲಿ ಒಂದು ಕಾರ್ಡು ಸುಟ್ಟಿತು. ಈ ಕಾರ್ಡಿನ ವಿಷಯ ನೀವು ತಿಳಿದುಕೊಳ್ಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಮನೆಯ ಫೋನು ತನಗೆ ಬೇಕಾದ ನಂಬರನ್ನು ಮಷೀನಿಗೆ ಎರಡು ರೀತಿಯಲ್ಲಿ ಹೇಳಬಲ್ಲದು. ಒಂದು, ಬಾಗಿಲು ಬಡಿದಂತೆ ಬಡಿದು ಹೇಳುವುದು. ಐದು ಒತ್ತಿದರೆ ಐದು ಸಲ ಟಿಕ್ ಟಿಕ್ ಅನ್ನುತ್ತದೆ. ಇನ್ನೊಂದು, ಹಾಡಿ ಹೇಳುವುದು. ಒಂದೊಂದು ಅಂಕಿಗೆ ಒಂದೊಂದು ಸ್ವರ. ಫೋನಿನ ಅಡಿಯಲ್ಲಿ ಉಗುರಿನಷ್ಟು ಸಣ್ಣ ಗುಂಡಿ ಇರುತ್ತದೆ. ಅದನ್ನು ಒಂದು ಕಡೆ ಸರಿಸಿದರೆ ಬಡಿತ, ಇನ್ನೊಂದು ಕಡೆ ಸರಿಸಿದರೆ ಹಾಡು. ಸುಟ್ಟದ್ದು ಹಾಡು ಕೇಳುವ ಕಾರ್ಡು. ಹೊಸದು ಬರುವುದು ತಡವಾಗುತ್ತದೆ ಎಂದು ಆಗಿನ ಸಾಹೇಬರು ಎಲ್ಲ ಮನೆಯ ಫೋನುಗಳನ್ನೂ ಬಡಿತಕ್ಕೆ ಇಡಿಸಲು ಹೇಳಿದರು. ಆಗ ಲೈನ್‌ಮನ್ ಹುದ್ದೆ ಖಾಲಿ ಇತ್ತು. ನಾನೇ ಮನೆ ಮನೆಗೆ ಹೋಗಿ ಗುಂಡಿ ಸರಿಸಿ ಬಂದೆ.

ನಾಲ್ಕು ದಿನಕ್ಕೆ ಮತ್ತೆ ತಕರಾರು. ಮಕ್ಕಳು ಆಡುತ್ತಾ ಗುಂಡಿ ಸರಿಸಿಬಿಡುತ್ತಿದ್ದವು, ಒರೆಸುವ ಅರಿವೆ ಸಿಕ್ಕಿ ಸರಿಯುತ್ತಿತ್ತು. ನಾನು ನರ್ಸಮ್ಮನ ಹತ್ತಿರ ಗಾಯಕ್ಕೆ ಹಚ್ಚುವ ಅಂಟುಪಟ್ಟಿಯ ಒಂದು ಸುರುಳಿ ಇಸಿದುಕೊಂಡು, ಕತ್ತರಿಸಿ, ಎಲ್ಲ ಫೋನಿನ ಗುಂಡಿಯ ಮೇಲೂ ಗಟ್ಟಿಯಾಗಿ ಅಂಟಿಸಿದೆ. “ಏನಾದ್ರೂ ಆಗ್ಲಿ, ಯಾರ ಹೇಳಿದ್ರೂ ಇದನ್ನ ಕೀಳಬ್ಯಾಡ್ರಿ” ಎಂದು ಎಲ್ಲರಿಗೂ ಹೇಳಿದೆ. ಜೀವನದಲ್ಲಿ ಮತ್ತೊಬ್ಬರಿಗೆ ನಾನು ಹುಕುಂ ಮಾಡಿದ್ದು ಅದೇ ಮೊದಲು. ಹೇಳುವಾಗ ಬೆವರಿದ್ದೆ. ವರ್ಷದ ಮೇಲೆ ಕಾರ್ಡು ಬಂತು. ಆದರೆ ಪಟ್ಟಿ ಕೀಳು ಎಂದು ಯಾರೂ ಹೇಳಲಿಲ್ಲ, ಬಡಿತದಿಂದಲೂ ಕೆಲಸ ನಡೆದೇ ಇತ್ತು. ಆಮೇಲೆ ಯಾರ ಮನೆಗೆ ಹೊಸ ಫೋನು ಬಂದರೂ ನನ್ನನ್ನು ಕರೆಯುವುದು, ನಾನು ಅದನ್ನು ಬೋರಲು ಹಾಕಿ ಗುಂಡಿ ಸರಿಸಿ ಪಟ್ಟಿ ಅಂಟಿಸುವುದು ನಮ್ಮೂರಲ್ಲಿ ಒಂದು ಪದ್ಧತಿಯೇ ಆಗಿಹೋಯಿತು. ಅರಿಸಿನ ಕುಂಕುಮ ಹಚ್ಚುವವರು ಹಚ್ಚುತ್ತಿದ್ದರು, ನಾನು ಪಟ್ಟಿ ಹಚ್ಚುತ್ತಿದ್ದೆ.

ಹೀಗೆ ಎಷ್ಟೋ ವರ್ಷ. ಈಗ ಕೆಲವು ವರ್ಷಗಳ ಹಿಂದೆ ಹೊಸ ಪದ್ಧತಿ ಬರುತ್ತದೆ ಎಂಬ ಸುದ್ದಿ ಬಂತು. ಸವಣೂರು, ಶಿಗ್ಗಾಂವಿ, ಹಿರೇಕೆರೂರು ಎಲ್ಲ ಆಗಿ, ಹಾನಗಲ್ಲೂ ಆಗಿ, ನಮ್ಮ ಪಾಳಿ ಬಂತು. ಕೆಲಸ ನಡೆಸಲು ಧಾರವಾಡ ಕಡೆಯ ಒಬ್ಬಳು ಎಂಜಿನಿಯರ್ ಬಂದಳು. ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ಅವಳ ಜೊತೆ ಸವಣೂರಿನಿಂದ ಒಬ್ಬ ಹಿರಿಯ ಲೈನ್‌ಮನ್. ಎಲ್ಲರೂ ಅವನನ್ನು ಚಾಚಾ ಎನ್ನುತ್ತಿದ್ದರು. ಅಲ್ಲಿನ ಬದಲಾವಣೆಯಲ್ಲಿ ಕೆಲಸ ಮಾಡಿದ ಅನುಭವಸ್ಥ ಎಂದು ಕರೆತಂದಿದ್ದರು. ಅವಳು ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಳು. ನಾಲ್ಕು ಅಂತಸ್ತಿನ ಊಟದ ಡಬ್ಬಿಯನ್ನು ಅಡ್ಡ ಮಲಗಿಸಿದರೆ ಎಷ್ಟಾಗುತ್ತದೋ ಅಷ್ಟು. ನಾನು ಇನ್ನೂ ಏನೋ ಲಾರಿಯಲ್ಲಿ ಬರುತ್ತದೆ ಎಂದು ಬಾಗಿಲ ಕಡೆ ನೋಡುತ್ತಿದ್ದೆ.

“ಇಷ್ಟರೀ ಅಕ್ಕಾರ, ಮತ್ತೇನೂ ಬರೂದಿಲ್ಲ” ಎಂದಳು.

“ಮಷೀನರೀ?”

“ಮಷೀನ್ ಇಲ್ಲ. ಇದು ನಿಮ್ಮ ಊರ ತಂತಿ ಹಿಡಕೊಳ್ಳಾಕ ಒಂದ ಕೈ ಅಷ್ಟ. ತಲಿ ಹುಬ್ಬಳ್ಳ್ಯಾಗ ಇರ್ತೈತಿ.”

ಚಾಚಾ ತಂತಿ ಸುತ್ತುತ್ತಲೇ, “ತಲಿ ಹುಬ್ಬಳ್ಳ್ಯಾಗ, ಕೈ ಈ ಊರಾಗ. ನಮ್ಮ ಅಳಿಯಾನೂ ಹಂಗ ಅದಾನ ಬಿಡ್ರಿ ಮೇಡಂ. ಮೈ ಮನ್ಯಾಗಿರ್ತೈತಿ, ತಲಿ ಎಲ್ಲಿರ್ತೈತೋ ಅಲ್ಲಾನ ಬಲ್ಲ” ಎಂದ.

ಅವಳು ನಕ್ಕಳು, ಆದರೆ ನನ್ನನ್ನು ಬಿಡಲಿಲ್ಲ. ನನಗೆ ತಿಳಿಯಬೇಕೆಂಬ ಹಟ ಅವಳಿಗೆ. ಇಲ್ಲಿ ನಾನು ಅವಳನ್ನು ಮೆಚ್ಚಿಕೊಂಡೆ. ಅಷ್ಟು ವರ್ಷಗಳಲ್ಲಿ ಬಂದುಹೋದ ಸಾಹೇಬರು ಯಾರೂ ನನಗೆ ಏನನ್ನೂ ಬಿಡಿಸಿ ಹೇಳಿರಲಿಲ್ಲ. ಅವಳು ಹೇಳಿದ್ದು ಹೀಗೆ. ಮೊದಲು ಪ್ರತಿ ಊರಿಗೂ ಬೇರೆ ಮಷೀನು, ಪ್ರತಿ ಕೆಲಸಕ್ಕೂ ಬೇರೆ ಕಾರ್ಡು ಬೇಕಿತ್ತು. ಕಾರ್ಡು ಕೆಟ್ಟರೆ ಅಂಥದೇ ಕಾರ್ಡು ಬೇಕು, ಅದನ್ನು ಮಾಡುವುದನ್ನೇ ಈಗ ನಿಲ್ಲಿಸಿದ್ದಾರೆ. ಈಗ ಆ ಕಾರ್ಡುಗಳ ಕೆಲಸವನ್ನೆಲ್ಲ ಬರೀ ಬರಹದಲ್ಲಿ, ಅಂದರೆ ಪ್ರೋಗ್ರಾಮಿನಲ್ಲಿ, ಬರೆದು ಸಾಧಾರಣ ಕಂಪ್ಯೂಟರಿನೊಳಗೆ ಕೂರಿಸಿದ್ದಾರೆ. ಒಂದೇ ಕಂಪ್ಯೂಟರು ಏಕಕಾಲಕ್ಕೆ ಸವಣೂರಿನ ಎಕ್ಸ್‌ಚೇಂಜೂ ಹೌದು, ಶಿಗ್ಗಾಂವಿಯದೂ ಹೌದು, ಹಿರೇಕೆರೂರಿನದೂ ಹೌದು. ಇಷ್ಟು ಹೇಳಿ ನನ್ನ ಮುಖ ನೋಡಿದಳು.

ನನಗೆ ನನ್ನ ಶಾಲೆ ನೆನಪಾಯಿತು. ಹೇಳಲೋ ಬೇಡವೋ ಎಂದು ಸೆರಗು ಹಿಡಿದು ನಿಂತು ಕೊನೆಗೆ ಹೇಳಿದೆ. “ನಮ್ಮ ಸಾಲ್ಯಾಗ ಒಂದ ಖೋಲಿ ಇತ್ರಿ, ನಾಕ ಇಯತ್ತೆ. ನಾಕ ಗ್ವಾಡಿಗೆ ನಾಕ ಇಯತ್ತೆ ಮುಖಾ ಮಾಡಿ ಕುಂದರ್ತಿದ್ವಿ. ಮಾಸ್ತರು ಒಬ್ಬರ. ಈ ಕಡೆ ಹೊಳ್ಳಿದ್ರ ಒಂದನೇತ್ತೆ ಮಾಸ್ತರು, ಆ ಕಡೆ ಹೊಳ್ಳಿದ್ರ ನಾಕನೇತ್ತೆ ಮಾಸ್ತರು. ಎಲ್ಲಾರೂ ನಮ್ಮ ಮಾಸ್ತರು ಅಂತಿದ್ವಿ.”

ಅವಳು ಮೇಜು ಬಡಿದಳು. “ಅದರೀ! ಅದ! ನಾ ಎಷ್ಟ ಮಂದಿಗೆ ಚಿತ್ರಾ ಬರದ ಬರದ ಹೇಳೇನಿ, ಹಿಂಗ ಹೇಳಾಕ ಬಂದಿಲ್ಲ ನನಗ.”

“ಮಾಸ್ತರಿಗೆ ಜಡ್ಡಾದ್ರ?” ಎಂದೆ. ನಮಗಾದರೆ ಮಾಸ್ತರರಿಗೆ ಜ್ವರ ಬಂದ ದಿನ ಸೂಟಿ.

“ಹುಬ್ಬಳ್ಳಿ ಮಾಸ್ತರಿಗೆ ಜಡ್ಡಾದ್ರ ಬೆಂಗಳೂರಾಗ ಥೇಟ್ ಅಂಥಾವ ಇನ್ನೊಬ್ಬ ಕುಂತಿರ್ತಾನ. ಎದ್ದ ಬಂದು ಬಿಟ್ಟಲ್ಲಿಂದನ ಪಾಠಾ ಹೇಳ್ತಾನ. ಹುಡುಗೂರಿಗೆ ಮಾಸ್ತರ ಬದ್ಲಿ ಆಗಿದ್ದ ಗೊತ್ತ ಆಗೂದಿಲ್ಲ. ಪರೀಕ್ಷಾ ಬಂದಾಗ ಒಂದ ಇಯತ್ತೆಗೆ ಜಾಗಾ ಹೆಚ್ಚ ಬೇಕಂದ್ರ ಉಳದವ್ರನ್ನ ಸ್ವಲ್ಪ ಸರಸ್ತೇವಿ. ಗ್ವಾಡಿ ಒಡಿಯೂದು ಬ್ಯಾಡ, ಹೊಸಾ ಖೋಲಿ ಕಟ್ಟೂದು ಬ್ಯಾಡ.”

ಆ ದಿನ ಮನೆಗೆ ಬಂದ ಮೇಲೂ ನಾನು ಅದನ್ನೇ ಯೋಚಿಸುತ್ತಿದ್ದೆ. ಎತ್ತರದ ಕಪಾಟು, ಸಾಲು ಬ್ಯಾಟರಿ, ಬೆಸುಗೆಯ ವಾಸನೆ ಇವೆಲ್ಲ ಇದ್ದರೇನೇ ಎಕ್ಸ್‌ಚೇಂಜು ಎಂದು ತಿಳಿದಿದ್ದೆ. ಕೆಲಸವನ್ನು ಕಬ್ಬಿಣದಿಂದ ಬಿಡಿಸಿ ತೆಗೆಯಬಹುದು ಎಂದು ಯಾರಿಗೆ ಹೊಳೆಯಿತೋ. ಅವರ ಕೈ ಮುಟ್ಟಿ ನಮಸ್ಕಾರ ಮಾಡಬೇಕು ಅನ್ನಿಸಿತು.

ಕೆಲಸದ ಹಿಂದಿನ ದಿನವೇ ಅವಳು ನನಗೂ ಚಾಚಾನಿಗೂ ಒಂದು ಮಾತು ಹೇಳಿದ್ದಳು. ಹಳೆಯ ಮಷೀನಿಗೆ ಹಾಕಲು ಇಡೀ ಜಿಲ್ಲೆಯಲ್ಲಿ ಇನ್ನು ಒಂದು ಕಾರ್ಡೂ ಉಳಿದಿಲ್ಲ. ನಾಳೆ ಹೊಸದು ಕೂತರೆ ಕೂತಿತು. ಕೂರದೆ ಹಳೆಯದಕ್ಕೆ ಮರಳಿದರೆ ಈ ಡಬ್ಬಿ ರಟ್ಟೀಹಳ್ಳಿ ಕಡೆಯ ಊರಿಗೆ ಹೋಗುತ್ತದೆ, ನಮ್ಮ ಹೆಸರು ಯಾದಿಯಿಂದ ಬಿಟ್ಟುಹೋಗುತ್ತದೆ. ಮುಂದೆ ಯಾವಾಗ ಒಂದು ಕಾರ್ಡು ಸುಡುತ್ತದೋ ಅಂದೇ ಎಕ್ಸ್‌ಚೇಂಜಿಗೆ ಬೀಗ. “ಅದಕ್ಕ ನಾಳೆ ಆಗಾಕಬೇಕರಿ” ಎಂದಳು. ನಾನು ಮೊದಲು ನೆನೆದದ್ದು ಆರೋಗ್ಯ ಕೇಂದ್ರದ ಫೋನನ್ನು.

ಬೆಳಿಗ್ಗೆ ಏಳಕ್ಕೆ ಶುರುವಾಯಿತು. ಹತ್ತಕ್ಕೆಲ್ಲ ಎಲ್ಲ ತಂತಿಗಳೂ ಕಪಾಟಿನಿಂದ ಬಿಟ್ಟು ಡಬ್ಬಿಗೆ ಬಂದವು. ಎಂಜಿನಿಯರ್ ತನ್ನ ಪರೀಕ್ಷೆಯ ಫೋನಿನಿಂದ ಶಿಗ್ಗಾಂವಿಗೆ ಮಾಡಿದಳು, ಹತ್ತಿತು. ಹಿರೇಕೆರೂರಿಗೆ ಮಾಡಿದಳು, ಹತ್ತಿತು. ಸವಣೂರಿಗೆ ಎಂದಾಗ ಚಾಚಾ ತನ್ನ ಮನೆಯ ನಂಬರು ಕೊಟ್ಟ. ಅವನ ಹೆಂಡತಿ ಎತ್ತಿಕೊಂಡವಳೇ, “ಅಕ್ಕಿಆಲೂರ ಸಂತ್ಯಾಗ ನುಚ್ಚು ತಗೊಂಡ ಬರ್ರಿ. ಮರತ ಬಂದ್ರ ಬಾಗಲಾ ತಗ್ಯಾಂಗಿಲ್ಲ ನೋಡ್ರಿ” ಎಂದದ್ದು ಖೋಲಿಯಲ್ಲಿದ್ದವರಿಗೆಲ್ಲ ಕೇಳಿಸಿತು.

“ಆವಾಜ್ ಭಾಳ ಸಾಫ್ ಬರ್ತೈತ್ರಿ ಮೇಡಂ. ಇಷ್ಟ ಸಾಫ್ ಬ್ಯಾಡಾಗಿತ್ತು” ಎಂದ ಚಾಚಾ.

ಎಲ್ಲ ಮುಗಿಯಿತು ಎಂದು ನಾನು ಚಹಾಕ್ಕೆ ನೀರು ಇಟ್ಟೆ. ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ನಡೆದುಕೊಂಡೇ ಬಂದರು. “ಏನ್ರೀ, ನಿಮ್ಮ ಹೊಸಾ ಮಷೀನ್ ಕಿವುಡ ಐತೇನು? ನಂಬರ ಒತ್ತಿದ್ರೂ ಗುಂಯ್ ಅನ್ನೂದ ನಿಲ್ಲವಲ್ದು.” ಅವರ ಹಿಂದೆ ಗಿರಣಿಯವರು. ಅವರ ಹಿಂದೆ ನರ್ಸಮ್ಮ. ಎಲ್ಲರದೂ ಒಂದೇ ಮಾತು. ಹೊರಗಿನಿಂದ ಫೋನು ಬರುತ್ತದೆ, ಗಂಟೆ ಬಾರಿಸುತ್ತದೆ, ಮಾತು ಕೇಳುತ್ತದೆ. ಇಲ್ಲಿಂದ ಮಾಡಲು ಮಾತ್ರ ಯಾರಿಗೂ ಆಗುತ್ತಿಲ್ಲ. “ನನ್ನ ಹಂತ್ಯಾಕ ಒಬ್ಬಾಕಿ ದಿನಾ ತುಂಬಿದಾಕಿ ಬಂದ ಮಲಗ್ಯಾಳ. ನಾ ಏರಿ ಮ್ಯಾಲ ಮನೀ ಮಾಡ್ಲೇನು?” ಎಂದಳು ನರ್ಸಮ್ಮ.

ಚಾಚಾ ಸೈಕಲ್ ಹತ್ತಿ ಬೀದಿ ಬೀದಿಯ ತಂತಿಯ ಪೆಟ್ಟಿಗೆಗಳನ್ನೆಲ್ಲ ತೆರೆದು, ತನ್ನ ಸೊಂಟದ ಫೋನನ್ನು ಸಿಕ್ಕಿಸಿ ನೋಡಿ ಬಂದ. “ಲೈನ್ ಎಲ್ಲಾ ಚೊಕ್ಕ ಅದಾವ್ರಿ. ನನ್ನ ಫೋನಿಂದ ಎಲ್ಲಾ ಕಡೆ ಹತ್ತತಾವು. ಈ ಊರ ಮಂದೀಗೆ ಒತ್ತಾಕ ಬರೂದಿಲ್ಲ, ಅಷ್ಟ.”

“ನಿಮ್ಮ ಸವಣೂರಾಗ ಒತ್ತಾಕ ಕಾಲೇಜ್ ತಗದಾರೇನು?” ಎಂದರು ಗಿರಣಿಯವರು.

ಹುಬ್ಬಳ್ಳಿಯ ದೊಡ್ಡ ಸಾಹೇಬರು ಫೋನಿನಲ್ಲಿ ಬಂದರು. ಬೆಂಗಳೂರಿನವರೂ ಬಂದರು. ಪ್ರೋಗ್ರಾಮನ್ನು ಮೊದಲಿನಿಂದ ಕಡೆಯವರೆಗೆ ನೋಡಿದರು. ಹುಡುಗಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಒಂದೇ ಮಾತು ಹೇಳುತ್ತಿದ್ದಳು. “ಎಲ್ಲಾ ಊರಿಗೂ ಒಂದ ಪ್ರೋಗ್ರಾಮ್ ಐತ್ರಿ ಸರ್. ಸವಣೂರಿಂದ ಕೇಳಿದ್ದು ಇಲ್ಲಿಂದ ಯಾಕ ಕೇಳವಲ್ದು?” ಸಾಹೇಬರು ಕೊನೆಗೆ, “ನಾಕರ ತನಕಾ ನೋಡ್ತೇನಿ. ಆಮ್ಯಾಲ ಹಳೇದಕ್ಕ ಹೊಳ್ಳಿ ಹಾಕಿಬಿಡ್ರಿ” ಎಂದರು. ಆಗ ಗಂಟೆ ಒಂದಾಗಿತ್ತು. ನಾನು ತಂದ ರೊಟ್ಟಿಯನ್ನು ಅವಳು ಮುಟ್ಟಲಿಲ್ಲ.

“ಅಕ್ಕಾರ, ಒಂದೀಟ ಆರೋಗ್ಯ ಕೇಂದ್ರಕ್ಕ ಹೋಗಿ ಆ ಫೋನ್ ಎತ್ತಿ ಇಲ್ಲಿ ನಂಬರ ಒತ್ತತೀರೇನು? ಅಲ್ಲಿಂದ ಏನ ಬರ್ತೈತಿ ನಾ ಇಲ್ಲಿ ನೋಡ್ತೇನಿ” ಎಂದಳು.

ಹೋದೆ. ಫೋನು ಎತ್ತಿ ಮೊದಲ ಅಂಕಿ ಒತ್ತಿದೆ. ಕಿವಿಯಲ್ಲಿ ಟಿಕ್ ಟಿಕ್ ಟಿಕ್ ಎಂದಿತು. ಬೆಳಿಗ್ಗೆ ಅವಳ ಫೋನು ಹಾಡಿದ್ದು ನನ್ನ ಕಿವಿಯಲ್ಲೇ ಇತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದೆ. ಆ ಹೊಸ ಡಬ್ಬಿಗೆ ಬಡಿತ ತಿಳಿಯುವುದಿಲ್ಲ. ಊರಿಗೆ ಊರೇ ಬಡಿಯುತ್ತಿದೆ. ಬಡಿಯಲು ಕಲಿಸಿದವಳು ನಾನು.

ಫೋನನ್ನು ಬೋರಲು ಹಾಕಿದೆ. ನನ್ನ ಪಟ್ಟಿ ಅಂಚೆಲ್ಲ ಕಪ್ಪಾಗಿ ಅಲ್ಲೇ ಇತ್ತು. ಉಗುರಿನಿಂದ ಎಬ್ಬಿಸಿ ಕಿತ್ತೆ, ಗುಂಡಿ ಸರಿಸಿದೆ, ಮತ್ತೆ ಒತ್ತಿದೆ. ಹಾಡಿತು. ಅತ್ತ ಗಂಟೆಯೂ ಬಾರಿಸಿತು. “ಹಲೋ! ಹಲೋ! ಅಕ್ಕಾರ, ನೀವೇನ್ರಿ?” ಎಂದು ಎಂಜಿನಿಯರ್ ಕೂಗಿದಳು. ನಾನು ಏನು ಮಾಡಿದೆ ಎಂದು ಹೇಳಲು ಈಗಲೂ ನಾಚಿಕೆ. ಒಂದು ಮಾತೂ ಆಡದೆ ಫೋನು ಇಟ್ಟುಬಿಟ್ಟೆ.

ಎಕ್ಸ್‌ಚೇಂಜಿಗೆ ಮರಳಿದಾಗ ಅಲ್ಲಿ ಗದ್ದಲವೋ ಗದ್ದಲ. “ಬಂತ್ರೀ ಸರ್, ಒಂದ ಕಾಲ್ ಬಂತು! ಬೆಂಗಳೂರಾಗ ಈಗ ಏನ್ ಬದ್ಲಿ ಮಾಡಿದ್ರಿ?” ಎಂದು ಅವಳು ಕೇಳುತ್ತಿದ್ದಾಳೆ. ಬೆಂಗಳೂರಿನವರು ತಾವು ಎರಡು ನಿಮಿಷದ ಹಿಂದೆ ಸರಿಸಿದ ಯಾವುದೋ ಒಂದನ್ನು ಹಿಡಿದುಕೊಂಡು ಅದನ್ನೇ ಮತ್ತೆ ಮತ್ತೆ ಸರಿಸುತ್ತಿದ್ದಾರೆ. ನನ್ನಿಂದಾಗಿ ಅಷ್ಟು ಓದಿದವರೆಲ್ಲ ತಪ್ಪು ದಾರಿ ಹಿಡಿದಿದ್ದರು.

ನಾನು ಕಟ್ಟಡದ ಹಿಂದಿನ ನಳದ ಹತ್ತಿರ ಹೋಗಿ ನಿಂತೆ. ಹೇಳಿದರೆ ಎಲ್ಲರೆದುರು ಮರ್ಯಾದೆ ಹೋಗುತ್ತದೆ. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು, ಏನು ಬರೆದು ಕಳಿಸುತ್ತಾರೋ ಎಂಬ ಹೆದರಿಕೆ. ಹೇಳದಿದ್ದರೆ ನಾಲ್ಕಕ್ಕೆ ತಂತಿಗಳೆಲ್ಲ ಮರಳಿ ಕಪಾಟಿಗೆ ಹೋಗುತ್ತವೆ, ಮುಂದಿನ ಮಳೆಗಾಲದ ಒಂದು ಸಿಡಿಲಿಗೆ ನಮ್ಮೂರ ಫೋನು ಮುಗಿಯುತ್ತದೆ. ಎಷ್ಟು ಹೊತ್ತು ನಿಂತಿದ್ದೆನೋ. ಸಣ್ಣ ಹೊತ್ತಲ್ಲ. ಮಕ್ಕಳೇ, ಇದನ್ನು ಮುಚ್ಚಿಟ್ಟು ಬರೆಯಲಾರೆ. ಆರೋಗ್ಯ ಕೇಂದ್ರದ ಅಂಗಳದಲ್ಲಿ ಆ ಬಸುರಿಯ ತಾಯಿ ನೀರು ಕಾಯಿಸಲು ಒಲೆ ಹೂಡುತ್ತಿರುವುದು ಅಲ್ಲಿಂದ ಕಾಣುತ್ತಿತ್ತು. ಮುಖ ತೊಳೆದುಕೊಂಡು ಒಳಗೆ ಹೋದೆ.

ಪಟ್ಟಿಯನ್ನು ಅವಳ ಕಂಪ್ಯೂಟರಿನ ಪಕ್ಕ ಇಟ್ಟೆ. “ಮೇಡಂ, ತಪ್ಪ ನಂದೈತ್ರಿ.”

“ಏನ್ರೀ ಇದು?”

ಹೇಳಿದೆ. ಸಿಡಿಲು, ಕಾರ್ಡು, ಬಡಿತ, ಪಟ್ಟಿ. ಜೀವನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿರಲಿಲ್ಲ. ಅವಳು ಪಟ್ಟಿಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ನೋಡಿದಳು. “ಬಡಿದು ಹೇಳೂ ಫೋನ್ ನಾ ಪುಸ್ತಕದಾಗ ಅಷ್ಟ ಓದೇನಿ. ಕಣ್ಣೀಲೆ ನೋಡಿಲ್ಲ. ಎಷ್ಟ ಮನ್ಯಾಗ ಹಿಂಗ ಮಾಡೀರಿ?”

“ಎಲ್ಲಾ ಮನ್ಯಾಗ್ರಿ.”

“ಎಲ್ಲಾ?”

“ಒಂದೂ ಬಿಟ್ಟಿಲ್ರಿ.”

ಚಾಚಾ ಹಣೆ ಹೊಡೆದುಕೊಂಡು ನಕ್ಕ. “ಯಾ ಅಲ್ಲಾ! ಸರಕಾರಿ ಕೆಲಸಾ ಇಷ್ಟ ನಿಯತ್ತಿನಿಂದ ಮಾಡಿದಾಕಿ ನೀ ಒಬ್ಬಾಕೀನ ನೋಡ ತಂಗಿ!”

ನಾನು ಬೈಗುಳ ಬರುತ್ತದೆಂದು ನೆಲ ನೋಡುತ್ತಿದ್ದೆ. ಅವಳು ಬೈಯಲಿಲ್ಲ, ಗಡಿಯಾರ ನೋಡಿದಳು. ಎರಡೂಕಾಲು. ಆ ಡಬ್ಬಿಗೆ ಬಡಿತ ಕಲಿಸಲು ಆಗಬಹುದು, ಆದರೆ ಇವತ್ತಲ್ಲ, ಇಲ್ಲಿಂದಲ್ಲ ಎಂದಳು. ಹಾಗಾದರೆ ನಾಲ್ಕರೊಳಗೆ ಮನೆಮನೆಯ ಪಟ್ಟಿ ಕೀಳಬೇಕು. ನಲವತ್ತು ಮನೆ ಕಾಲ್ನಡಿಗೆಯಲ್ಲಿ ಸುತ್ತಿ ಮುಗಿಯದು. “ಇಲ್ಲಿಂದ ಮಾಡಿದ್ರ ಎಲ್ಲಾರ ಮನ್ಯಾಗೂ ಗಂಟಿ ಬಾರಸ್ತೈತಿ. ಫೋನ್ ಮಾಡೇ ಹೇಳೂಣು” ಎಂದು ಅವಳೇ ಮೊದಲ ನಂಬರು ಒತ್ತಿದಳು.

“ನಮಸ್ಕಾರ್ರಿ, ಎಕ್ಸ್‌ಚೇಂಜಿನಿಂದ ಮಾತಾಡಾಕತ್ತೇನಿ. ನಿಮ್ಮ ಫೋನ್ ಬೋರಲ ಹಾಕಿ ಅದರ ಕೆಳಗಿನ ಪಟ್ಟಿ ಕೀಳ್ರಿ…”

“ಯಾರವಾ ನೀ? ಫೋನ್ ಮಾಡಿ ಅದನ್ನ ಒತ್ರಿ ಇದನ್ನ ಒತ್ರಿ ಅಂತ ಮೋಸಾ ಮಾಡಾವ್ರು ಭಾಳ ಆಗ್ಯಾರ ಈಗ. ಯಾರ ಹೇಳಿದ್ರೂ ಕೀಳಬ್ಯಾಡಂತ ನಮಗ ಹೇಳ್ಯಾರ. ಇಡ ಫೋನ್.”

ಎರಡನೆಯ ಮನೆಯಲ್ಲೂ ಅದೇ. ಮೂರನೆಯ ಮನೆಯಲ್ಲಿ ಬೈಗುಳವೂ ಸೇರಿತು. ಅವಳು ಫೋನನ್ನು ನನ್ನ ಕಡೆ ಚಾಚಿದಳು. “ಅಕ್ಕಾರ, ಈ ಊರು ನನ್ನ ಮಾತ ಕೇಳೂದಿಲ್ಲ. ನಿಮ್ಮ ಮಾತ ಇಷ್ಟ ವರ್ಷಾ ಕೇಳೇತಿ. ನೀವ ಹೇಳ್ರಿ.”

ಎಕ್ಸ್‌ಚೇಂಜಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದರೂ ನಾನು ಫೋನಿನಲ್ಲಿ ಮಾತಾಡಿದವಳಲ್ಲ. ಯಾರದಾದರೂ ಬಂದರೆ ಎತ್ತಿ, “ಸಾಹೇಬರಿಲ್ರಿ” ಎಂದು ಇಡುತ್ತಿದ್ದೆ. ಈಗ ನಲವತ್ತು ಮನೆ. ಮೊದಲನೆಯ ಮನೆಗೆ ಮಾಡಿದೆ. ಅದು ಮೇಲಿನ ಓಣಿಯ ಹಿರಿಯಾಕೆಯ ಮನೆ.

“ಯಕ್ಕಾ, ನಾನ್ರಿ… ಎಕ್ಸ್‌ಚೇಂಜಿನಾಕಿ. ಪಟ್ಟಿ ಹಚ್ಚಿದಾಕಿ.”

ಆ ಕಡೆಯಿಂದ, “ಯವ್ವಾ! ನಿನಗ ಮಾತಾಡಾಕ ಬರ್ತೈತೇನ?” ಎಂದು ಬಿದ್ದು ಬಿದ್ದು ನಗು. “ಏನ ಹೇಳವಾ, ಹೇಳು. ಇದನ್ನ ಕೇಳಾಕ ಅಂತನ ಬದಕಿದ್ದೆ ಅಂತ ಕಾಣಸ್ತೈತಿ.”

ಪಟ್ಟಿ ಕೀಳಲು, ಗುಂಡಿ ಸರಿಸಲು, ಆಮೇಲೆ ಎಕ್ಸ್‌ಚೇಂಜಿನ ಇನ್ನೊಂದು ನಂಬರಿಗೆ ಮಾಡಿ ನೋಡಲು ಹೇಳಿದೆ. ಎರಡು ನಿಮಿಷಕ್ಕೆ ಎಂಜಿನಿಯರ್ ಎದುರಿನ ಫೋನು ಬಾರಿಸಿತು. “ಒಂದು!” ಎಂದು ಅವಳು ಕೂಗಿದಳು.

ಆಮೇಲೆ ನಾನು ನಿಲ್ಲಿಸಲಿಲ್ಲ. ಸೊಸೈಟಿಯ ಸೆಕ್ರೆಟರಿ, “ಹಚ್ಚಾಕಿನೂ ನೀನ, ಕೀಳಸಾಕಿನೂ ನೀನ. ನಡುವ ನಮ್ಮ ಉಗುರ ಹೋದ್ವು” ಎಂದರು. ಬಳೆಗಾರರ ಮನೆಯ ಬೀಬಿ, “ಬೇಟಿ, ನಾ ಅದರ ಮ್ಯಾಲ ಇನ್ನೊಂದ ಪಟ್ಟಿ ಹಚ್ಚೇನಲ್ಲ. ನಿಂದ ಎಲ್ಲಿ ಬಿಚ್ಚಿ ಹೋಗ್ತೈತೋ ಅಂತ” ಎಂದಳು. ಒಬ್ಬಾಕೆಯ ಮನೆಯಲ್ಲಿ ಪಟ್ಟಿಯ ಮೇಲೆ ಶುಕ್ರವಾರಕ್ಕೊಮ್ಮೆ ಕುಂಕುಮ ಹಚ್ಚಿ ಹಚ್ಚಿ ಗುಂಡಿಯೇ ಕಚ್ಚಿಕೊಂಡಿತ್ತು. ಕೊಬ್ಬರಿ ಎಣ್ಣೆಯ ಒಂದು ತೊಟ್ಟು ಬಿಡಿ ಎಂದೆ. ಯಾರೂ ಎತ್ತದ ಮನೆಗಳಿಗೆ ಚಾಚಾ ಸೈಕಲ್ಲಿನಲ್ಲಿ ಹೋದ. ಹುಡುಗಿ “ಹದಿನೇಳು!”, “ಹದಿನೆಂಟು!” ಎಂದು ಕೂಗುತ್ತಲೇ ನನ್ನ ರೊಟ್ಟಿ ತಿನ್ನತೊಡಗಿದ್ದಳು. ಗಿರಣಿಯಲ್ಲಿ ಮಾತ್ರ ತೂತಿನೊಳಗೆ ಬೆರಳು ಹಾಕಿ ತಿರುಗಿಸುವ ಹಳೆಯ ಕರಿ ಫೋನು. ಅದಕ್ಕೆ ಗುಂಡಿಯೂ ಇಲ್ಲ, ಪಟ್ಟಿಯೂ ಇಲ್ಲ. ಬಡಿಯುವುದೊಂದೇ ಅದಕ್ಕೆ ಗೊತ್ತು. ಗಿರಣಿಯವರ ತಂದೆಯ ಕಾಲದ್ದು. ಅದಕ್ಕೆ ಬದಲಾಗಿ ಎಂಜಿನಿಯರ್ ತನ್ನ ಪರೀಕ್ಷೆಯ ಫೋನನ್ನೇ ಕೊಟ್ಟು ಕಳಿಸಿದಳು. ಅವರು ಕರಿ ಫೋನನ್ನು ಟವೆಲಿನಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟರಂತೆ. ಹೊಸದು ಬಂದಾಗ ಹಳೆಯದಕ್ಕೆ ಅಷ್ಟು ಗೌರವವಾದರೂ ಸಿಗಬೇಕು.

ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಹುಬ್ಬಳ್ಳಿಯ ಸಾಹೇಬರು ಮತ್ತೆ ಫೋನಿನಲ್ಲಿ ಬಂದರು. “ಏನ್ ಮಾಡೂಣು? ಹಿಂದೋ, ಮುಂದೋ?”

ಅವಳು ಕಾಗದ ನೋಡಿದಳು. ನಾಲ್ಕು ಮನೆ ಉಳಿದಿದ್ದವು, ನಾಲ್ಕಕ್ಕೂ ಬೀಗ. ಬಿತ್ತಲು ಹೊಲಕ್ಕೆ ಹೋದವರು.

“ಮುಂದರೀ ಸರ್.”

“ತಪ್ಪ ಎಲ್ಲಿತ್ತು? ಪ್ರೋಗ್ರಾಮಿನಾಗೇನು?”

ಅವಳು ನನ್ನ ಕಡೆ ನೋಡಲಿಲ್ಲ. “ಪ್ರೋಗ್ರಾಮಿನಾಗ ಏನೂ ತಪ್ಪಿಲ್ರಿ ಸರ್. ಈ ಊರ ಫೋನ್ ಹೆಂಗ ಮಾತಾಡ್ತಾವ ಅಂತ ಇಲ್ಲಿದ್ದವರಿಗೆ ಗೊತ್ತಿತ್ತು. ನಾವು ಬರೂ ಮುಂಚೆ ಕೇಳಬೇಕಿತ್ತು, ಕೇಳಲಿಲ್ಲ. ನನ್ನ ತಪ್ಪ ಅಂತ ಬರಕೊಳ್ರಿ.”

ಅಷ್ಟು ಸಣ್ಣ ವಯಸ್ಸಿಗೆ ಅಂಥ ಮಾತು ಅವಳಿಗೆ ಯಾರು ಕಲಿಸಿದ್ದರೋ. ಅವಳ ತಾಯಿಯನ್ನು ಒಮ್ಮೆ ನೋಡಬೇಕು ಅನ್ನಿಸಿತು. ನಾನು ಯಾವತ್ತೂ ಹಾಗೆ ಮೇಲಿನವರಿಗೆ ಹೇಳಿದವಳಲ್ಲ, ಹೇಳುವವರನ್ನು ಕಂಡವಳೂ ಅಲ್ಲ.

ನಾಲ್ಕು ಹೊಡೆದ ಮೇಲೆ ಹಳೆಯ ಮಷೀನಿನ ಸ್ವಿಚ್ಚು ಇಳಿಸಲು ನನಗೇ ಹೇಳಿದಳು. ಇಳಿಸಿದೆ. ದೀಪಗಳು ಸಾಲಾಗಿ ಆರಿದವು. ಒಳಗಿನ ಫ್ಯಾನು ಸ್ವಲ್ಪ ಹೊತ್ತು ತಿರುಗಿ ನಿಂತಿತು. ಅದರ ಸದ್ದು ಅಷ್ಟು ವರ್ಷ ಕಿವಿಯಲ್ಲಿ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ನಿಂತಾಗ ಗೊತ್ತಾಯಿತು. ಡಬ್ಬಿ ಮಾತ್ರ ಮೇಜಿನ ಮೇಲೆ ಸದ್ದಿಲ್ಲದೆ ಕೂತಿತ್ತು. ಅದರ ತಲೆ ಎಲ್ಲೋ ಹುಬ್ಬಳ್ಳಿಯಲ್ಲಿ ನಾಲ್ಕು ತಾಲೂಕುಗಳ ಮಾತು ಕೇಳುತ್ತಿತ್ತು.

ಐದಕ್ಕೆ ನರ್ಸಮ್ಮ ಹಾನಗಲ್ಲಿಗೆ ಫೋನು ಮಾಡಿ ಗಾಡಿ ಕರೆಸಿದಳು. ಆ ಹೆಣ್ಣುಮಗಳು ಅದರಲ್ಲಿ ಹೋದಳು. ಚಾಚಾ ಸಂತೆ ಮುಗಿಯುವುದರೊಳಗೆ ನುಚ್ಚು ಸಿಗಬೇಕೆಂದು ಅಕ್ಕಿಆಲೂರಿನ ಬಸ್ಸಿಗೆ ಓಡಿದ. ಎಂಜಿನಿಯರ್ ಹೊರಗೆ ಜೀಪಿನಲ್ಲಿ ಸಾಮಾನು ತುಂಬುತ್ತಿದ್ದಳು. ಆಗ ಮೇಜಿನ ಮೇಲಿನ ಫೋನು ಬಾರಿಸಿತು. ಗಿರಣಿಯವರು.

“ಏನವಾ, ನಿಮ್ಮ ಹೊಸಾ ಮಷೀನಿನಾಗ ಆವಾಜ್ ಭಾಳ ಜೋರ ಬರ್ತೈತಲ್ಲ! ಕಿವಿ ಗುಂಯ್ ಅಂತೈತಿ. ಯಾರಿಗೆ ಹೇಳ್ಬೇಕು ಇದನ್ನ?”

“ನನಗ ಹೇಳ್ರಿ” ಎಂದೆ. “ಫೋನಿನ ಬಲಕ್ಕ ಒಂದ ಸಣ್ಣ ಗಾಲಿ ಐತಿ ನೋಡ್ರಿ. ಅದನ್ನ ನಿಮ್ಮ ಕಡೆ ತಿರವ್ರಿ. ಇನ್ನೊಂದೀಟು. ಹಾಂ, ಈಗ ಮಾತಾಡ್ರಿ, ಕೇಳಾಕತ್ತೇನಿ.”